ಕನ್ನಡ ಸತ್ಯವೇದದಲ್ಲಿ ಕಾಮವಿಚಾರದ ಕೆಲವು ಪದಗಳು

ಬಾಗಲಕೋಟೆ ಪ್ರಾಂತದಲ್ಲಿ ಕ್ರೈಸ್ತರ ಸಂಖ್ಯೆಯು ಅಲ್ಪವಾದರೂ ಅವರ ಓದು ಅಲ್ಪವಾದುದಲ್ಲ. ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನೆಲೆಯೂರಿದರು. ಅವರು ಕಟ್ಟಿದ ಸಭೆಗಳು ಈಗ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಸೇರಿರುತ್ತವೆ. ಖಣ ನೇಯುವ ಮಗ್ಗಗಳ ನಡುವೆ ಬೆಳೆದ ಈ ಸಭೆಗಳಲ್ಲಿ ವೇದಪಾಠವೆಂದರೆ ಕನ್ನಡ ಪಾಠವೇ. ಹೀಬ್ರೂ ಗ್ರೀಕುಗಳನ್ನು ಬಲ್ಲವರು ವಿರಳರು. ಕನ್ನಡ ಪದವು ಏನನ್ನು ಹೇಳುತ್ತದೆಯೋ ಅದೇ ದೇವರ ಮಾತೆಂದು ಕೇಳುವವರು ಬಹುಮಂದಿ. ಆದುದರಿಂದ ಸಲಿಂಗಾನುರಾಗದ ವಿಷಯದಲ್ಲಿ ಸತ್ಯವೇದವು ಏನನ್ನು ವಿಧಿಸುತ್ತದೆ, ಏನನ್ನು ನಿಷೇಧಿಸುತ್ತದೆ ಎಂಬ ಚರ್ಚೆಯು ಇಲ್ಲಿ ಮೊದಲು ಭಾಷಾಂತರದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಒಂದು ಪದದ ಮೇಲೆ ಒಬ್ಬ ಮನುಷ್ಯನ ಪಂಕ್ತಿಭೋಜನವೂ, ಮನೆಯೊಳಗಣ ಸ್ಥಾನವೂ ನಿಲ್ಲಬಹುದಾದಲ್ಲಿ ಆ ಪದವನ್ನು ತೂಗಿ ನೋಡುವುದು ಪಂಡಿತರ ವಿನೋದಮಾತ್ರವಲ್ಲ.

ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಪರಿಶ್ರಮದಿಂದ 1830ರ ದಶಕದ ಆದಿಯಲ್ಲಿ ಸಮಗ್ರ ಸತ್ಯವೇದವು ಕನ್ನಡಕ್ಕೆ ಬಂದಿತು. ಬಳಿಕ ಬಾಸೆಲ್ ಮಿಶನ್ನಿನ ವೈಗ್ಲೆ ಮುಂತಾದವರು ಅದನ್ನು ತಿದ್ದಿದರು. ಆ ಪರಂಪರೆಯಲ್ಲಿ ಬೆಳೆದು ಇಂದಿಗೂ ದೇವಾಲಯಗಳಲ್ಲಿ ಓದಲ್ಪಡುವ ಪಾಠದಲ್ಲಿ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದ ಒಂಬತ್ತನೆಯ ವಚನದಲ್ಲಿ, ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿಯೊಳಗೆ 'ವಿಟರು', 'ಪುರುಷಗಾಮಿಗಳು' ಎಂಬೆರಡು ಪದಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಗ್ರೀಕ್ ಮೂಲದಲ್ಲಿ ಮೊದಲನೆಯದು 'ಮಲಕೊಯ್', ಎರಡನೆಯದು 'ಅರ್ಸೆನೊಕೊಯ್ತಯ್'.

'ಮಲಕೋಸ್' ಎಂದರೆ ಮೆದು ಎಂದಷ್ಟೇ ಧಾತ್ವರ್ಥ. ಸುವಾರ್ತೆಗಳಲ್ಲಿ ಇದೇ ಪದವು ನಯವಾದ ಉಡುಪಿಗೆ ಬಂದಿದೆ. ಮನುಷ್ಯನಿಗೆ ಹೇಳುವಾಗ ಸುಖಲೋಲುಪನೆಂದೂ, ಅಧೀರನೆಂದೂ, ಕೆಲವೆಡೆ ಪರಪುರುಷನಿಗೆ ದೇಹವನ್ನು ಒಪ್ಪಿಸುವವನೆಂದೂ ಗ್ರೀಕರು ಪ್ರಯೋಗಿಸಿದರು. ಕನ್ನಡದ 'ವಿಟ'ನಾದರೋ ಸಂಸ್ಕೃತ ನಾಟಕದಿಂದ ಬಂದವನು: ವೇಶ್ಯಾವಾಟಿಕೆಯ ಚತುರ, ಹೆಣ್ಣುಗಳ ಬೆನ್ನುಹತ್ತುವವನು. ಇವನಿಗೂ 'ಮೆದು' ಎಂಬುದಕ್ಕೂ ಸಂಬಂಧವು ತೀರ ದೂರದ್ದು. ಭಾಷಾಂತರಕಾರರು ಸುಖಲೋಲುಪತೆಯ ಅರ್ಥವನ್ನು ಹಿಡಿದು ಈ ಪದಕ್ಕೆ ಕೈಯಿಟ್ಟಿರಬೇಕು. ಹೀಗಾಗಿ ಇಂಗ್ಲಿಷಿನಲ್ಲಿ ವಾಗ್ವಾದಕ್ಕೆ ಕಾರಣವಾದ ಪದವೊಂದು ಕನ್ನಡದಲ್ಲಿ, ತಪ್ಪು ಅನುವಾದದ ದೆಸೆಯಿಂದಲೇ, ಯಾರಿಗೂ ನೋವುಮಾಡದೆ ಉಳಿದಿದೆ!

ಎರಡನೆಯ ಪದವು ಹೀಗೆ ಸುಲಭವಾಗಿ ಬಿಡುವಂಥದಲ್ಲ. 'ಅರ್ಸೆನ್' ಎಂದರೆ ಗಂಡು, 'ಕೊಯ್ತೆ' ಎಂದರೆ ಹಾಸಿಗೆ. ಪೌಲನಿಗಿಂತ ಹಿಂದಿನ ಗ್ರೀಕ್ ಗ್ರಂಥಗಳಲ್ಲಿ ಈ ಸಮಾಸವು ದೊರೆತಿಲ್ಲ. ಯಾಜಕಕಾಂಡದ ಹದಿನೆಂಟನೆಯ ಮತ್ತು ಇಪ್ಪತ್ತನೆಯ ಅಧ್ಯಾಯಗಳ ನಿಷೇಧವಾಕ್ಯಗಳ ಗ್ರೀಕ್ ಅನುವಾದದಲ್ಲಿ ಈ ಎರಡು ಪದಗಳೂ ಜೊತೆಯಾಗಿಯೇ ಬರುವುದರಿಂದ ಅಲ್ಲಿಂದಲೇ ಇದು ಹುಟ್ಟಿತೆಂಬ ಊಹೆಯು ಬಲವಾದುದು. ಜರ್ಮನಿಯಿಂದ ಬಂದ ಮಿಶನರಿಗಳ ತಾಯ್ನುಡಿಯ ಬೈಬಲಿನಲ್ಲಿ ಲೂಥರನು ಇದಕ್ಕೆ ಬಾಲಕರನ್ನು ಕೆಡಿಸುವವರೆಂಬ ಅರ್ಥದ ಪದವನ್ನಿಟ್ಟಿದ್ದನು; ಯಾಜಕಕಾಂಡದಲ್ಲಿಯೂ 'ಬಾಲಕ'ನೆಂದೇ ಬರೆದನು. 1946ರ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆಯು ಮೇಲಿನ ಎರಡು ಗ್ರೀಕ್ ಪದಗಳನ್ನೂ ಕೂಡಿಸಿ 'ಹೋಮೋಸೆಕ್ಷುವಲ್ಸ್' ಎಂಬ ಒಂದೇ ಪದವನ್ನು ಹಾಕಿತು. 1971ರಲ್ಲಿ ಅದನ್ನು ತೆಗೆದು ಬೇರೆಯದನ್ನಿಟ್ಟರು. 1989ರಲ್ಲಿಯೂ 2021ರಲ್ಲಿಯೂ ಮತ್ತೆ ತಿದ್ದಿದರು. ಮಗುವಿನ ಮೇಲಣ ಬಲಾತ್ಕಾರವೂ, ಪ್ರಾಯಕ್ಕೆ ಬಂದ ಇಬ್ಬರ ಪರಸ್ಪರ ಒಪ್ಪಿಗೆಯೂ ಒಂದೇ ಗ್ರೀಕ್ ಪದದ ಅರ್ಥವೆಂದು ಬೇರೆ ಬೇರೆ ಕಾಲದವರು ನಂಬಿದರೆಂದರೆ ಆ ಪದದ ಅರ್ಥವು ನಿರ್ಣೀತವಾಗಿದೆಯೆಂದು ಹೇಳಲು ಧೈರ್ಯವು ಸಾಲದು.

ಇದನ್ನು ಹಿಡಿದು ಕೆಲವು ಆಧುನಿಕ ವ್ಯಾಖ್ಯಾನಕಾರರು, ಸತ್ಯವೇದವು ಬಾಲಕಾಮವನ್ನಲ್ಲದೆ ಬೇರೇನನ್ನೂ ನಿಷೇಧಿಸಿಲ್ಲವೆಂದು ಸಾಧಿಸಹೊರಡುತ್ತಾರೆ. ಇದು ಅತಿವ್ಯಾಪ್ತಿ. ಯಾಜಕಕಾಂಡದ ಹೀಬ್ರೂ ಪದ 'ಝಾಕಾರ್'. ಅದಕ್ಕೆ ಗಂಡು ಎಂದರ್ಥವೇ ಹೊರತು ಬಾಲಕನೆಂದಲ್ಲ. ಇಲ್ಲಿ ಲೂಥರನೇ ಮೂಲವನ್ನು ಕಿರಿದುಮಾಡಿದನು. 'ಪುರುಷಗಾಮಿ' ಎಂಬ ಕನ್ನಡ ಪದವು 'ಪರಸ್ತ್ರೀಗಾಮಿ' ಎಂಬುದರ ಮಾದರಿಯಲ್ಲಿ ರಚಿತವಾಗಿದ್ದು, ಮೂಲದ ಸಮಾಸಕ್ಕೆ ಲೂಥರನ ಪದಕ್ಕಿಂತ ಹತ್ತಿರವಾಗಿದೆಯೆಂದು ಒಪ್ಪಲೇಬೇಕು. ಅದರಲ್ಲಿರುವ ಗುಣವೊಂದು: ಅದು ನಡತೆಯನ್ನು ಹೇಳುತ್ತದೆ, ಹುಟ್ಟುಸ್ವಭಾವವನ್ನು ಹೇಳುವುದಿಲ್ಲ. ವೇದಪೀಠದಿಂದ ಅದನ್ನು ಒಂದು ಜಾತಿಯ ಜನರ ಹೆಸರೆಂಬಂತೆ ಉಚ್ಚರಿಸುವುದು ಕೇಳುವವರ ರೂಢಿ. ಆ ದೋಷವು ಪದದ್ದಲ್ಲ.

ಯಾಜಕಕಾಂಡದ ಮಾತು ಬಂದಾಗ ಹತ್ತೊಂಬತ್ತನೆಯ ಅಧ್ಯಾಯದ ಮಿಶ್ರವಸ್ತ್ರ ನಿಷೇಧವನ್ನು ಎತ್ತಿ ಹಾಸ್ಯಮಾಡುವುದು ಈಚೆಗೆ ವಾಡಿಕೆಯಾಗಿದೆ. ಇಳಕಲ್ಲಿನ ನೇಕಾರನು ಒಡಲಿನ ಹತ್ತಿಯ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಎಳೆಯೆಳೆಯಾಗಿ ಕೊಂಡಿಹಾಕಿ ಒಂದೇ ಸೀರೆಯನ್ನು ನೇಯುತ್ತಾನೆ. ಅದನ್ನುಟ್ಟು ದೇವಾಲಯಕ್ಕೆ ಬರುವ ಹೆಣ್ಣುಮಕ್ಕಳನ್ನು ಯಾವ ಸಭಾಪಾಲಕನೂ ಹಿಂದಕ್ಕೆ ಕಳುಹಿಸಿದ್ದಿಲ್ಲ. ಆದರೆ ಧರ್ಮೋಪದೇಶಕಾಂಡದಲ್ಲಿ ಆ ನಿಷೇಧವು ಉಣ್ಣೆ ನಾರುಗಳ ಮಿಶ್ರಣಕ್ಕೆ ಮಾತ್ರವೆಂದು ಸ್ಪಷ್ಟಪಡಿಸಿರುವುದರಿಂದ ಇಳಕಲ್ ಸೀರೆಗೆ ಅದು ತಾಕುವುದೇ ಇಲ್ಲ. ಅದಲ್ಲದೆ ಅದೇ ಹದಿನೆಂಟನೆಯ ಅಧ್ಯಾಯದಲ್ಲಿರುವ ಸಗೋತ್ರಗಮನದ ನಿಷೇಧವನ್ನೂ ಶಿಶುಬಲಿಯ ನಿಷೇಧವನ್ನೂ ಕ್ರೈಸ್ತರು ಬಿಟ್ಟಿಲ್ಲ. ಹಾಸ್ಯವು ತರ್ಕವಾಗಲಾರದು. ನಿಜವಾದ ಪ್ರಶ್ನೆ ಬೇರೆ: ಇಪ್ಪತ್ತನೆಯ ಅಧ್ಯಾಯವು ವಿಧಿಸುವ ಮರಣದಂಡನೆಯನ್ನು ಸಭೆಗಳು ಕೇಳುವುದಿಲ್ಲ, ಮುಟ್ಟಿನ ದಿನಗಳ ಸಂಗಕ್ಕೆ ಅಲ್ಲಿಯೇ ಇರುವ ಬಹಿಷ್ಕಾರವನ್ನು ನೆನೆಯುವುದೂ ಇಲ್ಲ. ಯಾವುದನ್ನು ಯಾವ ನ್ಯಾಯದಿಂದ ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದನ್ನು ಪ್ರಾಚೀನ ಮತದವರು ಹೇಳಬೇಕಾಗಿದೆ. ಆ ಉತ್ತರವು ಇದುವರೆಗೆ ತೃಪ್ತಿಕರವಾಗಿ ಬಂದಂತೆ ತೋರುವುದಿಲ್ಲ.

ಸೊದೋಮಿನ ಕಥೆಯನ್ನು ಬೇಗನೆ ಮುಗಿಸಬಹುದು. ಅತಿಥಿಗಳ ಮೇಲೆ ಬಲಾತ್ಕಾರಕ್ಕೆ ಮುತ್ತಿದ ಗುಂಪಿನ ಕಥೆಯದು. ಯೆಹೆಜ್ಕೇಲನು ಹದಿನಾರನೆಯ ಅಧ್ಯಾಯದಲ್ಲಿ ಸೊದೋಮಿನ ದೋಷವನ್ನು ಹೆಸರಿಸುವಾಗ ಗರ್ವ, ಹೊಟ್ಟೆತುಂಬಿದ ನೆಮ್ಮದಿ, ದೀನದರಿದ್ರರಿಗೆ ಕೈನೀಡದಿರುವಿಕೆಗಳನ್ನು ಮುಂದಿಟ್ಟನು. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಡುವ ಈ ನಾಡಿನ ಓದುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯವೇ ವಾದದ ಹೃದಯಸ್ಥಾನ. ಅಲ್ಲಿ ಸ್ತ್ರೀಯರ ಮಾತೂ ಬರುತ್ತದೆ. 'ಪ್ರಕೃತಿಗೆ ವಿರುದ್ಧ' ಎಂಬರ್ಥದ 'ಪಾರಾ ಫುಸಿನ್' ಎಂಬ ನುಡಿಯೂ ಬರುತ್ತದೆ. ಈ ನುಡಿಯ ಪರಂಪರೆಯೇ 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನೊಳಕ್ಕೆ ಹರಿದು, ಕ್ರೈಸ್ತರಲ್ಲದವರನ್ನೂ ಕಟ್ಟಿಹಾಕಿತು. ಪ್ರಾಚೀನ ಮತದವರು ಇಲ್ಲಿ ಸೃಷ್ಟಿಕ್ರಮವನ್ನು ಕಾಣುತ್ತಾರೆ. ಆದಿಕಾಂಡದ ಗಂಡು ಹೆಣ್ಣುಗಳ ಜೋಡಿಯನ್ನು ಕ್ರಿಸ್ತನೇ ಎತ್ತಿ ಹೇಳಿದನೆಂಬುದು ಅವರ ಪಕ್ಷದ ಗಟ್ಟಿಯಾದ ಆಧಾರ. ಆದರೆ ಇದೇ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ದೇವರು ಕಾಡು ಎಣ್ಣೇಮರದ ಕೊಂಬೆಯನ್ನು ಊರಮರಕ್ಕೆ ಕಸಿಮಾಡಿದ್ದನ್ನೂ ಪೌಲನು 'ಪಾರಾ ಫುಸಿನ್' ಎಂದೇ ಕರೆದನು. ಕೊರಿಂಥದವರಿಗೆ, ಗಂಡಸಿಗೆ ಉದ್ದಕೂದಲು ಅವಮಾನವೆಂದು ಪ್ರಕೃತಿಯೇ ಕಲಿಸುತ್ತದೆಂದನು. ಜಡೆಬಿಟ್ಟ ಜೋಗಿಗಳನ್ನು ಕಂಡು ಕೈಮುಗಿಯುವ ನಾಡಿನಲ್ಲಿ ಆ ಪ್ರಕೃತಿಯು ಬೇರೆ ಪಾಠವನ್ನು ಕಲಿಸಿದೆ. ಪೌಲನು ಸಲಿಂಗರತಿಯನ್ನು ಮೆಚ್ಚಿದನೆಂದು ಇದರಿಂದ ಹೇಳಲಾಗದು. ಅವನು ಖಂಡಿಸಿದನೆಂಬುದರಲ್ಲಿ ಸಂಶಯವಿಲ್ಲ. ಪ್ರಕೃತಿ ಎಂಬ ಪದಕ್ಕೆ ಅವನಲ್ಲಿ ಕಲ್ಲಿನಂತೆ ಕದಲದ ಅರ್ಥವಿಲ್ಲವೆಂಬಷ್ಟು ಮಾತ್ರ ಸಿದ್ಧವಾಗುತ್ತದೆ. ಎರಡನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿಯೇ ಅವನು ತೀರ್ಪುಮಾಡುವವನ ಕಡೆಗೆ ತಿರುಗಿ ಅವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಮೊದಲನೆಯ ಅಧ್ಯಾಯವನ್ನು ಓದಿ ಪುಸ್ತಕವನ್ನು ಮುಚ್ಚುವವರು ಅರ್ಧ ವಾಕ್ಯಾರ್ಥದಲ್ಲಿ ಎದ್ದುಹೋದವರಂತೆ.

ಭಾರತದ ಕ್ರೈಸ್ತರಲ್ಲಿ ಈ ಭಿನ್ನಾಭಿಪ್ರಾಯವು ನ್ಯಾಯಾಲಯದಲ್ಲಿಯೂ ಪ್ರಕಟವಾಯಿತು. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು 377ನೆಯ ಕಲಮನ್ನು ಸಡಿಲಿಸಿದಾಗ ಅದರ ವಿರುದ್ಧ ಮೇಲ್ಮನವಿ ಸಲ್ಲಿಸಿದವರಲ್ಲಿ ಕ್ರೈಸ್ತ ಸಂಘಗಳೂ ಇದ್ದವು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಮನ್ನು ಎತ್ತಿಹಿಡಿದಾಗ, ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಷಿಯಸ್ ಅವರು ಸಲಿಂಗವಿವಾಹವನ್ನು ಒಪ್ಪದಿದ್ದರೂ ಇಂತಹವರನ್ನು ಅಪರಾಧಿಗಳೆನ್ನಬಾರದೆಂದರು. 2018ರ ಸೆಪ್ಟೆಂಬರ್ 6ರಂದು ಆ ಕಲಮು ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ ಬಿದ್ದುಹೋಯಿತು. ಪಾಪವೂ ಅಪರಾಧವೂ ಒಂದೇ ಅಲ್ಲವೆಂಬ ವಿವೇಕವನ್ನು ಎಲ್ಲ ಸಭೆಗಳೂ ಅಷ್ಟು ಬೇಗನೆ ಕಾಣಲಿಲ್ಲ.

ಈ ಪ್ರಾಂತದ ಓದುಗನಿಗೆ ವಿಶೇಷವಾಗಿ ಎದುರಾಗುವ ತೊಡಕೊಂದಿದೆ. ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ನಿಷಿದ್ಧರಾದ 'ಕದೇಷ', 'ಕದೇಶಾ' ಎಂಬವರು ದೇವಾಲಯಕ್ಕೆ ಒಪ್ಪಿಸಲ್ಪಟ್ಟ ಗಂಡು ಹೆಣ್ಣುಗಳೆಂದು ಹಳೆಯ ವ್ಯಾಖ್ಯಾನ. ಸವದತ್ತಿಯ ಎಲ್ಲಮ್ಮನ ಜೋಗತಿಯರನ್ನೂ, ಸೀರೆಯುಟ್ಟು ಕೊಡಹೊತ್ತ ಜೋಗಪ್ಪಗಳನ್ನೂ ಕಂಡವರು ಇವರೇ ಅವರೆಂದು ತಟ್ಟನೆ ತಿಳಿಯುವುದು ಸಹಜ. ಆದರೆ ಪ್ರಾಚೀನ ಕಾನಾನಿನಲ್ಲಿ ದೇವಾಲಯದ ವೇಶ್ಯಾವೃತ್ತಿಯು ಇದ್ದಿತೆಂಬುದನ್ನೇ ಈಗಿನ ವಿದ್ವಾಂಸರು ಹಲವರು ಶಂಕಿಸುತ್ತಾರೆ. ಆ ಹೀಬ್ರೂ ಪದದ ಧಾತುವಿಗೆ ಪವಿತ್ರವೆಂಬುದೇ ಅರ್ಥ. 1982ರ ಕರ್ನಾಟಕದ ಕಾಯಿದೆಯು ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಿದ್ದು ಹೆಣ್ಣುಮಕ್ಕಳ ಶೋಷಣೆಯನ್ನು ತಡೆಯಲಿಕ್ಕೆ. ಜೋಗಪ್ಪನ ಹುಟ್ಟನ್ನು ಹಳಿಯಲಿಕ್ಕಲ್ಲ. ಇವೆರಡನ್ನೂ ಒಂದೇ ವಚನದ ಕೆಳಗೆ ತುರುಕುವ ಪ್ರಸಂಗಗಳು ಶಾಸ್ತ್ರಕ್ಕೂ ನ್ಯಾಯ ಮಾಡುವುದಿಲ್ಲ, ಮನುಷ್ಯರಿಗೂ ಮಾಡುವುದಿಲ್ಲ.

ಹುನಗುಂದದ ಸೀಮೆಯವನಿಗೆ ಇನ್ನೊಂದು ನೆನಪು ಬರಬಹುದು. ಕೂಡಲಸಂಗಮದ ನೆರೆಯಲ್ಲಿ ಬೆಳೆದವನಿಗೆ 'ಶರಣ ಸತಿ, ಲಿಂಗ ಪತಿ' ಎಂಬ ಭಾವವು ಹೊಸದಲ್ಲ. ಎಫೆಸದವರ ಪತ್ರಿಕೆಯಲ್ಲಿ ಗಂಡಸರೂ ಸೇರಿದ ಸಭೆಯು ಕ್ರಿಸ್ತನಿಗೆ ವಧುವಾಗಿದೆ. ಇದು ಉಪಮಾನವೇ ಹೊರತು ವಿಧಿಯಲ್ಲ, ಇದರಿಂದ ವಿವಾಹಶಾಸ್ತ್ರವು ಹುಟ್ಟಲಾರದು; ಆದರೂ ಎರಡು ಪರಂಪರೆಗಳೂ ದೇವರ ಮುಂದೆ ಗಂಡುಹೆಣ್ಣುಗಳ ಗೆರೆಯನ್ನು ಸಡಿಲಿಸಿದವೆಂಬುದು ಗಮನಾರ್ಹ.

ಕೊನೆಗೆ ಕನ್ನಡ ಪಾಠದ ಒಂದು ಲೋಪ. ಯೆಶಾಯನು ಐವತ್ತಾರನೆಯ ಅಧ್ಯಾಯದಲ್ಲಿ ಸಭೆಯಿಂದ ಹೊರಗಿಡಲ್ಪಟ್ಟ 'ನಪುಂಸಕ'ನಿಗೆ ಗಂಡುಹೆಣ್ಣುಮಕ್ಕಳಿಗಿಂತ ಮೇಲಾದ ಹೆಸರನ್ನು ದೇವರು ಕೊಡುವನೆಂದು ಸಾರಿದನು. ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ದೀಕ್ಷಾಸ್ನಾನ ಹೊಂದುವ ಐಥಿಯೋಪ್ಯದವನೂ ಗ್ರೀಕಿನಲ್ಲಿ ಅದೇ ಪದದವನು, 'ಯೂನೂಖೋಸ್'. ಅವನು ರಥದಲ್ಲಿ ಕುಳಿತು ಓದುತ್ತಿದ್ದುದು ಯೆಶಾಯನ ಐವತ್ತಮೂರನೆಯ ಅಧ್ಯಾಯವನ್ನು. ಸುರುಳಿಯನ್ನು ಇನ್ನಷ್ಟು ಬಿಚ್ಚಿದರೆ ತನ್ನ ಹೆಸರಿನ ವಾಗ್ದಾನವೇ ಅವನಿಗೆ ಸಿಕ್ಕುತ್ತಿದ್ದಿತು. ಕನ್ನಡದಲ್ಲಿ ಇವನು 'ಕಂಚುಕಿ'ಯಾಗಿದ್ದಾನೆ. ವಿಟನಂತೆ ಇವನೂ ಸಂಸ್ಕೃತ ನಾಟಕದ ಪಾತ್ರ: ಅಂತಃಪುರದ ಮುದಿ ಬ್ರಾಹ್ಮಣ, ನಪುಂಸಕನಲ್ಲ. ಮರ್ಯಾದೆಗಾಗಿ ಇಟ್ಟ ಈ ಪದದಿಂದ ಎರಡು ಸ್ಥಳಗಳ ನಂಟು ಕನ್ನಡದ ಓದುಗನಿಗೆ ಕಾಣದೆ ಹೋಗಿದೆ. ಮುಂದಿನ ಪರಿಷ್ಕರಣದಲ್ಲಿ ಪದವನ್ನು ಬದಲಿಸದಿದ್ದರೂ ಅಂಚಿನಲ್ಲಿ ಒಂದು ಟಿಪ್ಪಣಿಯನ್ನು ಹಾಕಬಹುದು.