ಆರಿಂಚಿನೊಳಗೆ ಹಿಡಿಯದ ಕನ್ನಡ ಪುಟ

ಇ-ಪುಸ್ತಕ ಓದಲು ಏನು ಕೊಳ್ಳಲಿ ಎಂದು ಯಾರನ್ನೇ ಕೇಳಿ, ಉತ್ತರ ಸಿದ್ಧವಾಗಿರುತ್ತದೆ: ಕಿಂಡಲ್. ಕಣ್ಣಿಗೆ ಹಿತ, ಒಂದೇ ಕೈಯಲ್ಲಿ ಹಿಡಿಯಬಹುದು, ವಾರಗಟ್ಟಲೆ ಚಾರ್ಜು ಬೇಡ, ಸಾವಿರಾರು ಪುಸ್ತಕ ಜೊತೆಗೇ ಇರುತ್ತವೆ. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಇವೆಲ್ಲ ಇಂಗ್ಲಿಷ್ ಕಾದಂಬರಿ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವ ಮಾತುಗಳು. ಓದಿನ ಮುಕ್ಕಾಲು ಪಾಲು ಕನ್ನಡದಲ್ಲೇ ನಡೆಯುವವರಿಗೆ ಇದು ತಪ್ಪು ಸಲಹೆ ಎಂಬುದು ನನ್ನ ವಾದ.

ಮೊದಲು ಅಂಗಡಿಯನ್ನೇ ನೋಡೋಣ. ಅಮೆಜಾನ್ ಕಿಂಡಲನ್ನು ತಂದದ್ದು 2007ರಲ್ಲಿ. ಭಾರತೀಯ ಭಾಷೆಗಳ ಪುಸ್ತಕಗಳಿಗೆ ಅದು ಬಾಗಿಲು ತೆರೆದದ್ದು 2016ರ ಡಿಸೆಂಬರಿನಲ್ಲಿ. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಬಂದವು, ಕನ್ನಡ ಹೊರಗೇ ಉಳಿಯಿತು. ನಮ್ಮವರು ಕಾಯುತ್ತ ಕೂರಲಿಲ್ಲ. ಕನ್ನಡದ ಇ-ಪುಸ್ತಕ ಮಾರಾಟ ಮೈಲ್ಯಾಂಗ್ ಆ್ಯಪ್, ಗೂಗಲ್ ಪ್ಲೇ ಬುಕ್ಸ್ ಮುಂತಾದ ಕಡೆ ಬೆಳೆಯಿತು. ಅಲ್ಲಿ ಕೊಂಡ ಪುಸ್ತಕಗಳನ್ನು ಬಹುಮಟ್ಟಿಗೆ ಆಯಾ ಆ್ಯಪ್‌ನೊಳಗೇ ಓದಬೇಕು. ಕಿಂಡಲ್ ಸಾಧನದಲ್ಲಿ ಹೊರಗಿನ ಆ್ಯಪ್ ಹಾಕಿಕೊಳ್ಳಲು ಬರುವುದಿಲ್ಲ. ಅಂದರೆ ಕನ್ನಡದ ಹೊಸ ಪುಸ್ತಕಗಳು ಮಾರಾಟವಾಗುವ ಜಾಗಕ್ಕೂ ನೀವು ಕೊಂಡು ತಂದ ಸಾಧನಕ್ಕೂ ಸಂಬಂಧವೇ ಇರುವುದಿಲ್ಲ.

ಹಳೆಯ ಪುಸ್ತಕಗಳ ಕತೆ ಬೇರೆ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಳೆದರೆ ಕೃತಿಯ ಹಕ್ಕುಸ್ವಾಮ್ಯ ಮುಗಿಯುತ್ತದೆ. ಮುದ್ದಣ, ಪಂಜೆ, ಗಳಗನಾಥ, ಕೈಲಾಸಂ, ಬಿ.ಎಂ.ಶ್ರೀ. ಎಂದೋ ಮುಕ್ತರಾದರು, 1963ರಲ್ಲಿ ತೀರಿಕೊಂಡ ಗೋವಿಂದ ಪೈ ಮತ್ತು ತ್ರಿವೇಣಿಯವರೂ ಈಗ ಆ ಸಾಲಿಗೆ ಸೇರಿದ್ದಾರೆ. ಇಂಟರ್ನೆಟ್ ಆರ್ಕೈವ್‌ನಲ್ಲಿ, ಅದರಲ್ಲೂ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದಲ್ಲಿ, ಎಲ್ಲೂ ಮರುಮುದ್ರಣ ಕಾಣದ ಕನ್ನಡ ಪುಸ್ತಕಗಳು ರಾಶಿರಾಶಿ ಸಿಗುತ್ತವೆ. ಇಷ್ಟು ದೊಡ್ಡ ಪುಕ್ಕಟೆ ಗ್ರಂಥಾಲಯ ನಮ್ಮ ತಾತಂದಿರಿಗೆ ಕನಸಿನಲ್ಲೂ ಇರಲಿಲ್ಲ. ಆದರೆ ಇವೆಲ್ಲ ಪುಟಪುಟವಾಗಿ ತೆಗೆದ ಚಿತ್ರಗಳು, ಪಿಡಿಎಫ್‌ಗಳು. ಇವುಗಳಲ್ಲಿ ಅಕ್ಷರವನ್ನು ಮಾತ್ರ ಹಿಗ್ಗಿಸಿ ಸಾಲುಗಳನ್ನು ಪರದೆಗೆ ತಕ್ಕಂತೆ ಮತ್ತೆ ಜೋಡಿಸಿಕೊಳ್ಳಲು ಆಗುವುದಿಲ್ಲ. ಪ್ರಕಾಶಕರ ಬಳಿ ಇರುವ ಎಷ್ಟೋ ಕಡತಗಳ ಪಾಡೂ ಇದೇ. ಯೂನಿಕೋಡಿಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಪೇಜ್‌ಮೇಕರ್‌ನಲ್ಲಿ ಕೂರಿಸಿದ ಪುಟದಿಂದ ಸುಲಭವಾಗಿ ಹೊರಬರುವುದು ಪಿಡಿಎಫ್ ಒಂದೇ.

ಈಗ ಅಳತೆಪಟ್ಟಿ ಹಿಡಿಯೋಣ. ನಮ್ಮ ಸಾಮಾನ್ಯ ಪುಸ್ತಕ ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಆರಿಂಚಿನ ಪರದೆ ಎನ್ನುವುದು ಮೂಲೆಯಿಂದ ಮೂಲೆಗೆ ಎಳೆದ ಅಳತೆ. ಅದರ ನಿಜವಾದ ಎತ್ತರ 4.8 ಇಂಚು. ಇಡೀ ಪುಟವನ್ನು ಅದರೊಳಗೆ ಕೂರಿಸಿದರೆ ಶೇ. 56ಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 7ಕ್ಕೂ ಕೆಳಗಿಳಿಯುತ್ತದೆ. ಇಂಗ್ಲಿಷ್ ಅಕ್ಷರ ಆ ಅಳತೆಯಲ್ಲೂ ಹೇಗೋ ಬದುಕೀತು. ಒತ್ತಕ್ಷರ ಕೆಳಗೆ, ಗುಡಿಸು ಮೇಲೆ, ದೀರ್ಘ ಪಕ್ಕದಲ್ಲಿ ಹರಡಿಕೊಳ್ಳುವ ಕನ್ನಡ ಮಸಿಯ ಚುಕ್ಕೆಯಾಗುತ್ತದೆ. ಏಳಿಂಚಿನ ಪರದೆಯಲ್ಲೂ 8 ಪಾಯಿಂಟ್ ಮುಟ್ಟುವುದಿಲ್ಲ. ಅಂಚು ಕತ್ತರಿಸಿದರೆ, ಅಡ್ಡ ಹಿಡಿದರೆ ಒಂದಿಷ್ಟು ಗೆಲುವು. ಆದರೆ ಪ್ರತಿ ಪುಟವನ್ನೂ ಎರಡು ಕಂತಿನಲ್ಲಿ ಓದಬೇಕು. ಹತ್ತಿಂಚಿನ ಪರದೆಯಲ್ಲಿ ಅದೇ ಪುಟ ಹೆಚ್ಚುಕಡಿಮೆ ಮೂಲ ಅಳತೆಯಲ್ಲೇ ನಿಲ್ಲುತ್ತದೆ. ಇಂಚಿಗೆ 300 ಚುಕ್ಕೆ ಎಂಬ ಜಾಹೀರಾತಿಗಿಂತ ಈ ಒಂದು ಲೆಕ್ಕ ಮುಖ್ಯ.

ಕಣ್ಣಿನ ವಿಚಾರಕ್ಕೆ ಬರೋಣ. ಇ-ಇಂಕ್ ಪರದೆಯಲ್ಲಿ ವಿದ್ಯುದಂಶವಿರುವ ಕಪ್ಪು ಬಿಳುಪು ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಬಿಸಿಲಿನಲ್ಲಿ ಕೂತು ಓದಲು ಅದಕ್ಕೆ ಸಾಟಿಯಿಲ್ಲ. ಆದರೆ ಸಾಮಾನ್ಯ ಪರದೆ ಕಣ್ಣನ್ನು ಕೆಡಿಸುತ್ತದೆ ಎಂಬುದು ಅಷ್ಟು ಗಟ್ಟಿಯಾದ ಮಾತಲ್ಲ. ಎರಡನ್ನೂ ಹೋಲಿಸಿದ ಅಧ್ಯಯನಗಳೇ ಒಮ್ಮತಕ್ಕೆ ಬಂದಿಲ್ಲ. ಪರದೆ ನೋಡುತ್ತ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದರಿಂದ ಕಣ್ಣು ಒಣಗುತ್ತದೆ; ಸಣ್ಣ ಅಕ್ಷರವನ್ನು ಹತ್ತಿರ ಹಿಡಿದಷ್ಟೂ ದಣಿವು ಹೆಚ್ಚು. ಕಣ್ಣಿನ ನೆಪ ಹೇಳಿ ಆರಿಂಚಿನ ಸಾಧನ ಕೊಂಡು ಅದರಲ್ಲಿ ಏಳು ಪಾಯಿಂಟಿನ ಕನ್ನಡ ಓದುವವರು ಕಣ್ಣಿಗೆ ಉಪಕಾರ ಮಾಡುತ್ತಿಲ್ಲ.

ಟ್ಯಾಬ್ಲೆಟ್ ಭಾರ, ವಾಟ್ಸಾಪ್ ಕಾಟ ಎಂಬ ಆಕ್ಷೇಪ ಉಂಟು. ಭಾರದ ಮಾತು ನಿಜ, ಮಲಗಿ ಓದುವವರಿಗೆ ಮಣಿಕಟ್ಟು ನೋಯುತ್ತದೆ. ವಾಟ್ಸಾಪ್ ಹಾಕಿಕೊಳ್ಳಲೇಬೇಕೆಂದು ಯಾರೂ ಬಲವಂತ ಮಾಡಿಲ್ಲವಲ್ಲ! ಎರಡೂ ಬೇಡವೆನ್ನುವವರಿಗೆ ಆಂಡ್ರಾಯ್ಡ್ ನಡೆಸುವ ಹತ್ತಿಂಚಿನ ಇ-ಇಂಕ್ ಸಾಧನಗಳಿವೆ, ಬೂಕ್ಸ್ ಅಂಥದ್ದೊಂದು. ಕನ್ನಡದ ಆ್ಯಪ್‌ಗಳನ್ನು ಅದರಲ್ಲಿ ಹಾಕಿಕೊಳ್ಳಬಹುದು. ಬೆಲೆ ಮಾತ್ರ ಸಾಮಾನ್ಯ ಟ್ಯಾಬ್ಲೆಟ್ಟಿಗಿಂತ ಬಹಳ ಮೇಲೆ. ಅಮೆರಿಕದಲ್ಲೋ ದುಬೈಯಲ್ಲೋ ಇದ್ದುಕೊಂಡು, ಪುಸ್ತಕದ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚಾಗುವ ಕನ್ನಡಿಗರಿಗೆ ಆ ಹಣ ದಕ್ಕೀತು.

ಯಾವುದನ್ನೇ ತನ್ನಿ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು ಎರಡು ಪರೀಕ್ಷೆ ಮಾಡಿ. ಯೂನಿಕೋಡ್ ಕನ್ನಡದ ಒಂದು ಇಪಬ್ ತೆರೆದು ‘ಲಕ್ಷ್ಮೀ’, ‘ರಾಷ್ಟ್ರ’, ‘ಸೂರ್ಯ’ ಸರಿಯಾಗಿ ಮೂಡುತ್ತವೆಯೇ ನೋಡಿ. ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಂತಿದ್ದರೆ, ಅಕ್ಷರದ ಬದಲು ಖಾಲಿ ಚೌಕ ಕಂಡರೆ ಆ ಸಾಧನ ನಿಮಗಲ್ಲ. ಆಮೇಲೆ ಆರ್ಕೈವ್‌ನಿಂದ ಇಳಿಸಿದ ಒಂದು ದಪ್ಪ ಪಿಡಿಎಫ್‌ನಲ್ಲಿ ಇಪ್ಪತ್ತು ಪುಟ ತಿರುವಿ. ಸಾವಿರಾರು ಪುಸ್ತಕ ಹಿಡಿಯುತ್ತದೆ ಎಂಬ ಲೆಕ್ಕ ಬರೀ ಪಠ್ಯದ ಪುಸ್ತಕಗಳದ್ದು. ಸ್ಕ್ಯಾನ್ ಮಾಡಿದ ಒಂದೊಂದು ಪುಸ್ತಕ 50 ಎಂಬಿ ತೂಗಿದರೆ ಮೊದಲ ಕಿಂಡಲ್‌ನ 250 ಎಂಬಿಯಲ್ಲಿ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ಐದು ಪುಸ್ತಕ. ಇಂದಿನ 16 ಜಿಬಿಯಲ್ಲಿ ಜಾಗಕ್ಕೆ ಬರವಿಲ್ಲ, ಪುಟ ತಿರುವುವಾಗಿನ ನಿಧಾನವೇ ತಾಳ್ಮೆ ಕೆಡಿಸುವುದು. ಇನ್ನೊಂದು ಸಣ್ಣ ಮಾತು: ಸಾಲಿನ ಎರಡೂ ಅಂಚು ಸಮ ಮಾಡುವ ಸೌಲಭ್ಯವನ್ನು ತೆಗೆದುಹಾಕಿ. ಕನ್ನಡದ ಪದಗಳು ಉದ್ದ, ಚಿಕ್ಕ ಪರದೆಯ ಒಂದು ಸಾಲಿಗೆ ನಾಲ್ಕೇ ಹಿಡಿಯುತ್ತವೆ. ಸಮ ಮಾಡಹೋದರೆ ನಡುವೆ ಹಳ್ಳ ಬೀಳುತ್ತದೆ.

ಇಂಗ್ಲಿಷ್ ಕಾದಂಬರಿಗಳನ್ನೇ ಹೆಚ್ಚಾಗಿ ಓದುವವರು ಕಿಂಡಲ್ ಕೊಳ್ಳಲಿ, ನನ್ನ ತಕರಾರಿಲ್ಲ. ಕನ್ನಡ ಓದುವವರು ಅದೇ ಹಣದೊಳಗೆ ಹತ್ತಿಂಚಿನ ಸಾಧಾರಣ ಆಂಡ್ರಾಯ್ಡ್ ಟ್ಯಾಬ್ಲೆಟ್ ತೆಗೆದುಕೊಳ್ಳುವುದೇ ಸರಿ.