ಗುರುವಿನ ಉಪಗ್ರಹಗಳೂ ನಾಮೌಚಿತ್ಯವೂ

ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ನಾಮೌಚಿತ್ಯವನ್ನೂ ಪರಿಗಣಿಸಿರುವುದು ವಿದ್ವಾಂಸರಿಗೆ ವಿದಿತವಾಗಿದೆ. ಗೆಲಿಲಿಯೋ 1610ರಲ್ಲಿ ಪ್ರಕಟಿಸಿದ ‘ಸಿಡೀರಿಯಸ್ ನುನ್ಸಿಯಸ್’ ಎಂಬ ಲ್ಯಾಟಿನ್ ಗ್ರಂಥವನ್ನು ಆ ನಿಕಷಕ್ಕೆ ಒಡ್ಡಿ ನೋಡೋಣ.

ವಾಯುಮಯವೆಂದು ಇಂದು ತಿಳಿದಿರುವ ಗುರುಗ್ರಹದ ಬಳಿ ತಾನು ಕಂಡ ನಾಲ್ಕು ಉಪಗ್ರಹಗಳ ಸ್ಥಾನಗಳನ್ನು ಗ್ರಂಥಕಾರನು ಜನವರಿ 7ರಿಂದ ಮೊದಲುಗೊಂಡು ಚಿತ್ರಸಹಿತವಾಗಿ ನಿರೂಪಿಸಿದ್ದಾನೆ. ಈ ಭಾಗವು ನಿರಲಂಕಾರವಾಗಿದ್ದೇ ಮನಸ್ಸನ್ನು ಒಪ್ಪಿಸುತ್ತದೆ. ಆದರೆ ಅವುಗಳಿಗೆ ಮೆಡಿಚಿ ವಂಶದ ಹೆಸರಿಟ್ಟು, ಕೋಸಿಮೋ ಪ್ರಭುವಿನ ಜನನಕಾಲದಲ್ಲಿ ಗುರುವು ನಭೋಮಧ್ಯದಲ್ಲಿದ್ದನೆಂದು ಅರ್ಪಣಪತ್ರದಲ್ಲಿ ಸಮರ್ಥಿಸಿರುವುದು ಸಾಧುವಲ್ಲ. ಅದು ಪ್ರಭುವಿನ ಜಾತಕಕ್ಕೆ ಸಲ್ಲುವ ಮಾತೇ ಹೊರತು ಉಪಗ್ರಹಗಳಿಗೆ ಸಲ್ಲುವುದಲ್ಲ.

ಸೈಮನ್ ಮರಿಯುಸನು 1614ರಲ್ಲಿ, ಕೆಪ್ಲರನ ಸೂಚನೆಯನ್ನು ಅನುಸರಿಸಿ, ಅಯೊ, ಯುರೋಪ, ಗ್ಯಾನಿಮೀಡ್, ಕ್ಯಾಲಿಸ್ಟೋ ಎಂಬ ಹೆಸರುಗಳನ್ನು ಹೇಳಿದನು. ಇವರು ಪಾಶ್ಚಾತ್ಯ ಪುರಾಣದಲ್ಲಿ ಆ ಗ್ರಹದ ಅಧಿದೇವನಾದ ಜ್ಯೂಪಿಟರನ ಪ್ರೇಮಪಾತ್ರರು. ಆ ಕಥೆಗಳಲ್ಲಿ ಅಪಹರಣವೂ ಉಂಟಾದುದರಿಂದ ರಸದೋಷವನ್ನು ಶಂಕಿಸಬಹುದು. ಆದರೂ ಒಡೆಯನನ್ನು ಬಿಟ್ಟಗಲದ ಸಂಬಂಧವು ಹೆಸರಿನಿಂದಲೇ ಧ್ವನಿತವಾಗುತ್ತದೆ.

ಗೆಲಿಲಿಯೋ 1623ರಲ್ಲಿ ಮರಿಯುಸನನ್ನು ಕೃತಿಚೋರನೆಂದು ದೂಷಿಸಿದನು. ಪ್ರಥಮಪ್ರಕಟನೆಯ ಕೀರ್ತಿಯು ಗೆಲಿಲಿಯೋವಿನದೇ, ಸಂದೇಹವಿಲ್ಲ. ಆದರೆ ಮರಿಯುಸನ ಹೆಸರುಗಳೇ 20ನೆಯ ಶತಮಾನದಲ್ಲಿ ರೂಢಿಗೆ ಬಂದವು. ಗುರುವಿನ ಪರಿವಾರವು 90ನ್ನು ಮೀರಿರುವ ಇಂದೂ ಹೊಸ ಹೆಸರುಗಳನ್ನು ಆ ದೇವನ ಪ್ರಿಯರಿಂದಲೂ ಸಂತತಿಯಿಂದಲೂ ಆಯುತ್ತಾರೆ. ಆಶ್ರಯದಾತನ ಸ್ತುತಿಗಿಂತ ಅರ್ಥಾನುಗತವಾದ ನಾಮವೇ ಸ್ಥಿರವೆಂಬುದಕ್ಕೆ ಇದು ನಿದರ್ಶನವೆಂದು ನಮ್ಮ ಮತ.