ತೋಳ್ಬಲದ ಯತಿ, ಓಲೆಗರಿಯ ಯತಿ

ಕ್ರುಸೇಡ್ ಕಾಲದ ಅದ್ಭುತ ಲೋಕವೊಂದರಲ್ಲಿ ನಡೆಯುವ ಆಟಕ್ಕೆ ವಿದ್ವಾಂಸ ಸನ್ಯಾಸಿಯ ಪಾತ್ರ ಬೇಕೆಂದರೆ, ನಮ್ಮ ಅಟ್ಟೂರು, ಯಲಹಂಕದ ಹುಡುಗರಿಗೂ ಹೊಳೆಯುವುದು ಗದೆ ಹಿಡಿದ ಪಾದ್ರಿಯೇ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹಾಕಿಕೊಟ್ಟ ಅಚ್ಚು ಅದು. ಬಲಕ್ಕಿಷ್ಟು ಅಂಕ, ಬುದ್ಧಿಗಿಷ್ಟು, ವಿವೇಕಕ್ಕಿಷ್ಟು. ಉಳಿದದ್ದು ದಾಳಕ್ಕೆ ಬಿಟ್ಟದ್ದು. ಅದೇ ಕಾಲದ ಯತಿಯೊಬ್ಬರ ಪಾತ್ರ ನಮ್ಮ ಕರಾವಳಿಯಲ್ಲೇ ಇದೆ: ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದ ನಾಯಕ, ದ್ವೈತಮತದ ಮಧ್ವಾಚಾರ್ಯರು. 1291ರಲ್ಲಿ ಏಕರ್ ಪಟ್ಟಣ ಕ್ರುಸೇಡರ್‌ಗಳ ಕೈತಪ್ಪಿದಾಗ, 1238–1317ರ ಲೆಕ್ಕ ಹಿಡಿದರೆ, ಅವರಿಗೆ ಐವತ್ತು ದಾಟಿತ್ತು.

ಹದಿನಾರು ಸರ್ಗಗಳ ಈ ಸಂಸ್ಕೃತ ಕಾವ್ಯ ಮಾಧ್ವರ ಮನೆಗಳಲ್ಲಿ ಪಾರಾಯಣದ ಗ್ರಂಥ, ಹೊರಗಿನವರಿಗೆ ಪವಾಡಗಳ ಪಟ್ಟಿ. ಹೊಗಳುವವರಿಗೂ ಮೂಗು ಮುರಿಯುವವರಿಗೂ ಕಾಣುವುದು ಮಾತ್ರ ಒಂದೇ, ತೋಳ್ಬಲ. ಹನುಮ, ಭೀಮರ ನಂತರ ವಾಯುವಿನ ಮೂರನೆಯ ಅವತಾರವೆಂದ ಮೇಲೆ ಕವಿಗೂ ಬೇರೆ ದಾರಿಯಿರಲಿಲ್ಲವೇನೋ. ಕೂಸು ಬೇಯಿಸಿದ ಹುರುಳಿ ತಿಂದು ಅರಗಿಸಿಕೊಳ್ಳುತ್ತದೆ, ಎತ್ತಿನ ಬಾಲ ಹಿಡಿದು ಕಾಡೆಲ್ಲ ಸುತ್ತಿ ಬರುತ್ತದೆ. ದೊಡ್ಡವರಾದ ಮೇಲೆ ಜಟ್ಟಿಗಳೂ ಅವರ ಮುಂದೆ ಸೋಲುತ್ತಾರೆ. ಕಳಸದ ಅಂಬುತೀರ್ಥದಲ್ಲಿ ಆಚಾರ್ಯರು ಒಂದೇ ಕೈಯಿಂದ ತಂದಿಟ್ಟರೆನ್ನುವ ಬಂಡೆಯನ್ನು ಇಂದಿಗೂ ಜನ ನೋಡಿ ಬರುತ್ತಾರೆ. ನನಗಂತೂ ಈ ಭಾಗ ಅಷ್ಟಕ್ಕಷ್ಟೆ. ಸೋಲಲಾರದವನು ಗೆದ್ದರೆ ಅದರಲ್ಲಿ ಕಥೆಯೇನು ಬಂತು? ದಾರಿಹೋಕರನ್ನೆಲ್ಲ ಹಿಡಿದು ಕೆರೆ ತೋಡಿಸುತ್ತಿದ್ದ ಈಶ್ವರದೇವನಿಗೆ ‘ಹೇಗೆಂದು ನೀನೇ ತೋರಿಸು’ ಎಂದು ಹೇಳಿ, ಅವನೇ ಅಗೆಯುತ್ತ ಉಳಿಯುವಂತೆ ಮಾಡಿದ ಪ್ರಸಂಗವೊಂದು ಬೇರೆ ಮಾತು. ಅಲ್ಲಿ ಕವಿಗೆ ನಗೆಯೂ ಗೊತ್ತು.

ಹತ್ತನೆಯ ಸರ್ಗದ ಗಂಗೆ ದಾಟುವ ಪ್ರಸಂಗವಂತೂ ಪಂಡಿತರ ಕೈಯಲ್ಲಿ ಸಿಕ್ಕಿ ನಲುಗಿದೆ. ದೋಣಿಯಿಲ್ಲದೆ ಹೊಳೆ ದಾಟುವ ಯತಿ, ಎರಗಿ ಬರುವ ಸೈನಿಕರು, ತನ್ನದೇ ಭಾಷೆಯಲ್ಲಿ ಮಾತಾಡಿದ ಸನ್ಯಾಸಿಗೆ ಅರ್ಧ ರಾಜ್ಯ ಕೊಡಲು ಮುಂದಾಗುವ ತುರುಕ ದೊರೆ. ಇಂಥ ಪವಾಡಗಳನ್ನು ಕಂಡು ಭಾಷಾವಿದ್ವಾಂಸ ಗ್ರಿಯರ್ಸನ್ ಮಾಧ್ವಮತದ ಮೇಲೆ ಕ್ರೈಸ್ತ ಪ್ರಭಾವವಿದೆಯೆಂದು ಊಹಿಸಿದರು. ದ್ವೈತ ವಿದ್ವಾಂಸ ಬಿ.ಎನ್.ಕೆ. ಶರ್ಮರು ಅದನ್ನು ತಳ್ಳಿಹಾಕಿದ್ದು ಸರಿಯೇ. ಸಮುದ್ರ ಹಾರಿದ ಹನುಮ ಮೊದಲ ಸರ್ಗದಲ್ಲೇ ನಿಂತಿರುವಾಗ, ಹೊಳೆ ದಾಟುವ ಯತಿಗಾಗಿ ಬೈಬಲ್ ತೆರೆಯುವುದು ವಿದ್ವತ್ತಲ್ಲ, ಹಟ. ನಮ್ಮವರೇನು ಕಡಿಮೆಯೇ? ಇದೇ ಪ್ರಸಂಗವನ್ನು ಕೋಮು ಸಾಮರಸ್ಯದ ಪಾಠ ಮಾಡಿ ವೇದಿಕೆಗಳಲ್ಲಿ ಮುಗಿಸಿಬಿಡುತ್ತಾರೆ. ಇನ್ನು ವಿಯೆನ್ನಾದ ವಿದ್ವಾಂಸ ರೋಕ್ ಮೆಸ್ಕಿಟಾ, ಮಧ್ವರು ಉಲ್ಲೇಖಿಸುವ ಕಾಣಸಿಗದ ಆಕರಗಳು ಅವರವೇ ರಚನೆ ಎಂದರು. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತರ ಆಕ್ಷೇಪವೂ ಅದೇ ಜಾಡಿನದು. ಆ ಗ್ರಂಥಗಳು ಕಾಲಾಂತರದಲ್ಲಿ ನಷ್ಟವಾದವೆಂಬುದು ಈ ಕಡೆಯ ಉತ್ತರ. ಜಗಳ ಅವರಿಗಿರಲಿ. ಆದರೆ ಪುಸ್ತಕ ಕಳೆದುಹೋಗುವ ಭಯವೇನೆಂದು ಇದೇ ಕಾವ್ಯ ತೋರಿಸಿದೆ, ಅತ್ತ ಕಣ್ಣು ಹಾಯಿಸುವವರು ಕಡಿಮೆ.

ಹನ್ನೆರಡನೆಯ ಸರ್ಗದಲ್ಲಿ ವಿರೋಧಿಗಳು ಕೂಡಿ ಮಸಲತ್ತು ಮಾಡುತ್ತಾರೆ. ಪುಂಡರೀಕಪುರಿ ವಾದಕ್ಕೆ ಬಂದು ಸೋಲುತ್ತಾನೆ. ಪದ್ಮತೀರ್ಥ ಆಚಾರ್ಯರ ಗ್ರಂಥಭಂಡಾರವನ್ನೇ ಕದ್ದು ಓಡುತ್ತಾನೆ. ಮುದ್ರಣವಿಲ್ಲದ ಕಾಲದಲ್ಲಿ ಒಂದು ಓಲೆಕಟ್ಟು ಹೋದರೆ ಕೃತಿಯೇ ಹೋಯಿತು, ವಾದದಲ್ಲಿ ಎತ್ತಿ ತೋರಿಸುವ ಆಧಾರವೂ ಹೋಯಿತು. ವಿದ್ವಾಂಸನನ್ನು ಹೊಡೆಯಲು ಇದಕ್ಕಿಂತ ಗುರಿಯಿಟ್ಟ ಪೆಟ್ಟಿಲ್ಲ. ಬಂಡೆ ಎತ್ತುವ ತೋಳು ಇಲ್ಲಿ ಉಪಯೋಗಕ್ಕೆ ಬಾರದು. ಯತಿ ಬೆನ್ನಟ್ಟಿ ಹೋಗಿ ಕಳ್ಳನನ್ನು ಗೆಲ್ಲುವುದೂ ವಾದದಲ್ಲೇ. ಆದರೂ ಪುಸ್ತಕ ಕೈಗೆ ಬರಲು ಕುಂಬಳೆಯ ಅರಸ ಜಯಸಿಂಹನ ಅಧಿಕಾರ ಬೇಕಾಗುತ್ತದೆ. ವಾಯುವಿನ ಅವತಾರವೇ ಆದರೂ ನ್ಯಾಯಕ್ಕೆ ದೊರೆಯ ದಾರಿ ಕಾಯಬೇಕು ಎಂಬುದನ್ನು ಭಕ್ತಕವಿ ಮುಚ್ಚಿಡುವುದಿಲ್ಲ. ಪಾತ್ರ ಮನುಷ್ಯನಾಗುವುದು ಅಲ್ಲಿ.

ಈ ಭಾಗ ಇಷ್ಟು ಗಟ್ಟಿಯಾಗಿರುವುದಕ್ಕೆ ಕಾರಣ ಭಕ್ತಿಯಲ್ಲ, ಮನೆತನ. ಆ ಭಂಡಾರ ಇದ್ದದ್ದು ತ್ರಿವಿಕ್ರಮ ಪಂಡಿತರ ತಮ್ಮ ಶಂಕರನ ವಶದಲ್ಲಿ. ತ್ರಿವಿಕ್ರಮರು ಕವಿಯ ತಂದೆ, ಅಂದರೆ ಕಳವಾದದ್ದು ಚಿಕ್ಕಪ್ಪನ ಕೈಯಿಂದ. ಹದಿನೈದನೆಯ ಸರ್ಗದಲ್ಲಿ ದಿನಗಟ್ಟಲೆ ವಾದಿಸಿ, ಕೊನೆಗೆ ಸೋತು ಶಿಷ್ಯನಾಗುವವನು ಸ್ವತಃ ತಂದೆ. ಬದರಿ, ಗಂಗೆ ಎಂದು ಕೇಳಿದ್ದನ್ನು ಬರೆಯುತ್ತಿದ್ದ ಕವಿ ಇಲ್ಲಿ ಕಾಸರಗೋಡು ಸೀಮೆಯ ತನ್ನ ಮನೆಯ ಸಂಗತಿಗೆ ಬಂದಿದ್ದಾನೆ. ತಾನೇ ಬರೆದ ‘ಭಾವಪ್ರಕಾಶಿಕಾ’ ಟಿಪ್ಪಣಿಯಲ್ಲಿ ಸಂಸ್ಕೃತದ ಹೆಸರುಗಳಿಗೆ ಊರಿನ ಹೆಸರುಗಳನ್ನು ಕೊಡುವ ಕವಿ ಈತ. ಜಾಗ ತಪ್ಪಬಾರದೆಂಬ ಕಾಳಜಿ ಅವನದು.

ಮಧ್ವರ ಕೃತಿಗಳನ್ನು ಅವರ ಶಿಷ್ಯ ಹೃಷೀಕೇಶತೀರ್ಥರು ಬರೆದಿಟ್ಟ ಓಲೆಗರಿ ಪಲಿಮಾರು ಮಠದಲ್ಲಿ ಉಳಿದುಬಂದಿತ್ತು. ಬನ್ನಂಜೆ ಗೋವಿಂದಾಚಾರ್ಯರು ಅದನ್ನೇ ಆಧಾರವಾಗಿಟ್ಟುಕೊಂಡು ಮಧ್ವರ ಸಮಗ್ರ ಕೃತಿಗಳಾದ ಸರ್ವಮೂಲ ಗ್ರಂಥಗಳನ್ನು ಸಂಪಾದಿಸಿದರು. ಪವಾಡದ ಬಂಡೆಗೆ ಸಿಗುವ ಕೈಮುಗಿತದಲ್ಲಿ ಅರ್ಧವಾದರೂ ಇಂಥ ಓಲೆಗೆ ಸಲ್ಲಬೇಕು. ಸುಮಧ್ವವಿಜಯಕ್ಕೆ ಕನ್ನಡ ಅನುವಾದಗಳಿವೆ. ಓದುವವರು ಹತ್ತನೆಯ ಸರ್ಗವನ್ನು ಸದ್ಯಕ್ಕೆ ಬದಿಗಿಟ್ಟು, ಹನ್ನೆರಡರಿಂದ ಹದಿನೈದರವರೆಗೆ ಮೊದಲು ಓದಿ ನೋಡಲಿ.